ಅರಮನೆಯ ಬೆನ್ನು

ಇಟಲಿಗೆ ಹೋಗಿ ಬಂದವನನ್ನು ನಮ್ಮೂರಿನವರು ಮೂರು ಪ್ರಶ್ನೆ ಕೇಳುತ್ತಾರೆ. ಚಳಿ ಎಷ್ಟಿತ್ತು? ಊಟಕ್ಕೆ ಏನು ಮಾಡಿದಿರಿ? ನಮ್ಮ ಆಟ ಕಂಡು ಅಲ್ಲಿಯವರು ನಗಾಡಿದರೋ? ಚಳಿಗೆ ಮಫ್ಲರು ಇತ್ತು, ಊಟಕ್ಕೆ ಅನ್ನ ಸಿಕ್ಕಿತು. ಮೂರನೆಯದಕ್ಕೆ ಮಾತ್ರ ಉತ್ತರ ಉದ್ದ. ಹೌದು, ನಗಾಡಿದರು. ಆದರೆ ನಮ್ಮ ರಾಕ್ಷಸನನ್ನು ಕಂಡು ಅಲ್ಲ. ನಾನು ಬರೆದ ಅರಮನೆಯನ್ನು ಕಂಡು.

ಇದನ್ನು ನಾನಾಗಿ ಬಾಯಿಬಿಡುವ ಅಗತ್ಯವಿರಲಿಲ್ಲ. ಜೊತೆಗೆ ಬಂದವರು ಹೇಳುವವರಲ್ಲ. ಆದರೂ ಬರೆಯುತ್ತಿದ್ದೇನೆ. ಯಕ್ಷಗಾನಕ್ಕೆ ಸೀನು ಸೀನರಿ ಬೇಕು, ಮುಖದ ಬಣ್ಣ ಕಡಿಮೆಯಾಗಬೇಕು, ನೋಡುವವರಿಗೆ ಎಲ್ಲವೂ ‘ನಿಜ’ ಅನ್ನಿಸಬೇಕು ಎಂದು ಈಗ ಕುಂದಾಪುರದಿಂದ ಬೈಂದೂರಿನವರೆಗೆ ಕಂಡ ಕಂಡ ವೇದಿಕೆ ಹತ್ತಿ ಭಾಷಣ ಮಾಡುವವರಿದ್ದಾರೆ. ಅವರಿಗೆ ಕೊಡಲು ನನ್ನ ಹತ್ತಿರ ಒಂದು ಜವಾಬು ಇದೆ. ಆ ಭಾಷಣವನ್ನು ಅವರಿಗಿಂತ ಮೊದಲು ಮಾಡಿದವನು ನಾನೇ.

ಕುಂದಾಪುರ

ನಾನು ಕುಂದಾಪುರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಮನೆ ಹೆಮ್ಮಾಡಿ. ‘ಕಣ್ಣಿಗೆ ಕಂಡ ಹಾಗೆ ಬರೆ’ ಎಂದು ಬೋರ್ಡಿನ ಮೇಲೆ ಬರೆಸಿ, ಹೂಜಿ, ಬಾಳೆಹಣ್ಣು, ಮುಚ್ಚದ ಪೆಟ್ಟಿಗೆ ಇಷ್ಟನ್ನು ಇಪ್ಪತ್ತು ವರ್ಷ ಮಕ್ಕಳಿಂದ ಬರೆಸಿದವನು. ದೂರ ಹೋದದ್ದು ಸಣ್ಣದಾಗಿ ಕಾಣುತ್ತದೆ ಎಂಬುದನ್ನು ಕಲಿಸಲು ನಮ್ಮ ಪುಸ್ತಕದಲ್ಲಿ ರೈಲುಹಳಿಯ ಚಿತ್ರವಿತ್ತು. ಎರಡು ಹಳಿ ಹೋಗುತ್ತಾ ಹೋಗುತ್ತಾ ದೂರದಲ್ಲಿ ಒಂದು ಚುಕ್ಕೆಯಲ್ಲಿ ಸೇರುತ್ತವೆ. ನಮ್ಮ ಕಡೆ ರೈಲೇ ಇಲ್ಲ. ಹಳಿ ಎಂದರೇನೆಂದು ನನ್ನ ಕ್ಲಾಸಿನ ಒಬ್ಬ ಹುಡುಗನಿಗೂ ಗೊತ್ತಿರಲಿಲ್ಲ. ಆದರೂ ಎಲ್ಲರೂ ಕಣ್ಣಿಗೆ ಕಂಡ ಹಾಗೆ ಅದನ್ನೇ ಬರೆದರು, ನಾನು ಅದಕ್ಕೇ ಮಾರ್ಕು ಕೊಟ್ಟೆ.

ಸೂಯೆಜ್ ಕಾಲುವೆ ಮುಚ್ಚುವುದಕ್ಕೆ ಒಂದೆರಡು ವರ್ಷ ಮೊದಲು ಇಟಲಿಯ ಉತ್ತರದ ಒಂದು ಸಣ್ಣ ಊರಿನಿಂದ ನಮ್ಮ ಕಡೆಯ ಒಂದು ಮೇಳಕ್ಕೆ ಕರೆ ಬಂತು. ಬೇರೆ ಬೇರೆ ದೇಶದ ಹಳೆಯ ಆಟಗಳನ್ನು ಅಲ್ಲಿ ಒಟ್ಟು ಸೇರಿಸಿ ತೋರಿಸುತ್ತಾರಂತೆ. ಕರೆ ತರಿಸಿದವರು ತಲ್ಲೂರಿನ ಒಬ್ಬರು ಶೆಟ್ಟರು. ಚಿಕ್ಕ ಪ್ರಾಯದಲ್ಲೇ ಬೊಂಬಾಯಿಗೆ ಹೋಗಿ ಹೋಟೆಲು ಇಟ್ಟು ಮೇಲೆ ಬಂದವರು. ಅವರು ಕಾರಿನಲ್ಲಿ ನಮ್ಮ ಶಾಲೆಗೇ ಬಂದರು.

“ಮಾಷ್ಟ್ರೆ, ಒಂದ್ ಅರಮನೆ ಬರ್ಕೊಡಿ. ಆಟದ ಹಿಂದೆ ತೂಗ್ಸುಕೆ. ಕಂಬ, ಮೆಟ್ಲ್, ಗಾಜಿನ್ ದೀಪ, ಎಲ್ಲ ಬರಾಬರ್ ಇರ್ಕ್. ಅಲ್ಲಿಯವ್ರ್ ಕಂಡ್ರೆ ಕೈ ಹಾಕುಕೆ ಹೋಯ್ಕ್, ಹಾಂಗೆ ಬರಿಕ್.”

ಇಪ್ಪತ್ತು ವರ್ಷ ಹೂಜಿ ಬರೆದವನಿಗೆ ಅರಮನೆ ಬರೆ ಎಂದರೆ ಹೇಗಾಗಿರಬೇಡ! ಮೂರು ತಿಂಗಳು ಶಾಲೆಯ ಹಿಂದಿನ ಚಪ್ಪರದಲ್ಲಿ ಗೋಡೆಯಷ್ಟು ದೊಡ್ಡ ಬಟ್ಟೆಯ ಮೇಲೆ ಬರೆದೆ. ಎರಡು ಬದಿಗೂ ಕಂಬದ ಸಾಲು, ಹಿಂದೆ ಹೋದಂತೆ ಕುಗ್ಗುತ್ತಾ ಹೋಗಿ ಒಂದೇ ಚುಕ್ಕೆಯಲ್ಲಿ ಮಾಯ. ಹೆಡ್ ಮಾಸ್ತರರು ಬಂದು ಮೆಟ್ಟಿಲಿನ ಮೇಲೆ ಕಾಲಿಡಲು ಹೊರಟು ಬಟ್ಟೆಗೆ ಎಡವಿದರು. ಅವತ್ತು ನನಗೆ ಸಿಕ್ಕಿದ ಸಂತೋಷ ಮದುವೆಯ ದಿನವೂ ಸಿಕ್ಕಿರಲಿಲ್ಲ. ಅರಮನೆಯನ್ನು ಕಟ್ಟಿ ತೂಗಿಸುವ ಕೆಲಸಕ್ಕೆಂದು ಶೆಟ್ಟರು ನನ್ನ ಹೆಸರನ್ನೂ ಪಟ್ಟಿಗೆ ಸೇರಿಸಿದರು.

ಆ ಪಟ್ಟಿಯಲ್ಲಿ ಶೀನಣ್ಣನೂ ಇದ್ದರು. ಬ್ರಹ್ಮಾವರದ ಕಡೆಯವರು, ಅರವತ್ತರ ಹತ್ತಿರ ಪ್ರಾಯ, ಬಣ್ಣದ ವೇಷಕ್ಕೆ ಹೆಸರಾದವರು. ಘಟ್ಟದ ಮೇಲಿನವರಿಗೆ ಹೇಳಬೇಕಾದರೆ, ನಮ್ಮ ಆಟದಲ್ಲಿ ಬಣ್ಣದ ವೇಷ ಎಂದರೆ ರಾಕ್ಷಸ. ಅಕ್ಕಿಹಿಟ್ಟಿಗೆ ಸುಣ್ಣ ಸೇರಿಸಿ ಅರೆದು, ಮುಖದ ಮೇಲೆ ಒಂದೊಂದೇ ಬಿಳಿ ಮುಳ್ಳಾಗಿ ಇಡುತ್ತಾರೆ. ಅದಕ್ಕೆ ಚಿಟ್ಟಿ ಎಂದು ಹೆಸರು. ಮುಖ ಪೂರ್ತಿಯಾಗಲು ಮೂರು ಗಂಟೆ ಬೇಕು. ಮುಗಿದ ಮೇಲೆ ಅಲ್ಲಿ ಮನುಷ್ಯನ ಮುಖದ ಗುರುತೇ ಉಳಿಯುವುದಿಲ್ಲ.

ಪಾಸ್‌ಪೋರ್ಟಿಗೆ ಫೋಟೊ ಕೊಡಿ ಎಂದಾಗ ಶೀನಣ್ಣ ಆ ವೇಷದ ಫೋಟೊವನ್ನೇ ಕೊಟ್ಟರು. ಆಫೀಸಿನವರು ಹಿಂದಕ್ಕೆ ಕಳಿಸಿದರು.

“ಅದ್ ನಾನೇ ಅಲ್ದಾ? ಬ್ರಹ್ಮಾವರದಗೆ ಯಾರನ್ನ್ ಬೇಕಾರೂ ಕೇಣಿ,” ಎಂದು ಶೀನಣ್ಣ ನನ್ನ ಹತ್ತಿರ ದೂರು ಹೇಳಿದರು.

ನಾನು ಅವರನ್ನು ಸ್ಟುಡಿಯೋಕ್ಕೆ ಕರೆದುಕೊಂಡು ಹೋಗಿ ಬೋಳು ಮುಖದ ಫೋಟೊ ತೆಗೆಸಿದೆ. ಅದನ್ನು ಬಸ್‌ಸ್ಟ್ಯಾಂಡಿನ ಚಾದ ಅಂಗಡಿಯಲ್ಲಿ ತೋರಿಸಿದರೆ, ಮೂವತ್ತು ವರ್ಷ ಅವರ ಆಟ ಕಂಡವರೇ “ಇವ್ರ್ ಯಾರ್, ಶಾನುಭಾಗ್ರಾ?” ಎಂದರು. ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಸರ್ಕಾರ ನಂಬಿದ ಮುಖವನ್ನು ಊರು ಗುರುತು ಹಿಡಿಯಲಿಲ್ಲವಲ್ಲ ಎಂದು ಆಗ ನನಗೆ ಹೊಳೆಯಲೇ ಇಲ್ಲ.

ಹಡಗಿನ ಮೇಲೆ

ಬೊಂಬಾಯಿ ಬಿಟ್ಟ ಮೂರನೆಯ ದಿನ ಎಲ್ಲರ ಹೊಟ್ಟೆ ತೊಳೆಸುವುದು ನಿಂತಿತು. ಸಾಮಾನು ಇಟ್ಟ ಕೋಣೆಗೆ ಉಪ್ಪುನೀರು ನುಗ್ಗಿದೆ ಎಂದು ಅವತ್ತೇ ಗೊತ್ತಾಯಿತು. ಚಿಟ್ಟಿಗೆಂದು ಊರಿನಿಂದ ತಂದಿದ್ದ ಬೆಳ್ತಿಗೆ ಅಕ್ಕಿಯ, ಎಂದರೆ ಕುದಿಸದ ಬಿಳಿ ಅಕ್ಕಿಯ, ಗಂಟು ಹಾಳು. ಅರಮನೆಯ ಒಂದು ಮೂಲೆಯೂ ಒದ್ದೆಯಾಗಿತ್ತು. ಅದನ್ನು ಮೇಲೆ ತಂದು ಬಿಸಿಲಿಗೆ ಹರಡಿದೆ. ಹಡಗಿನ ಕೆಲಸದವರು, ದೊರೆಸಾನಿಗಳು, ಎಲ್ಲ ಸುತ್ತ ನಿಂತು ಆಹಾ ಎಂದರು. ನಾನು ಕೈ ಕಟ್ಟಿಕೊಂಡು ನಿಂತೆ. ಶೀನಣ್ಣ ಮಾತ್ರ ಎಲೆಯಡಿಕೆ ಚೀಲ ಬಿಚ್ಚಿಕೊಂಡು ದೂರ ಕೂತಿದ್ದರು.

“ಶೀನಣ್ಣ, ಹ್ಯಾಂಗಿತ್ತ್? ಲಾಯ್ಕಿತ್ತಾ?” ಚೆನ್ನಾಗಿದೆಯೇ ಎಂದು ನಾನೇ ಕೇಳಿದೆ. ಹೊಗಳಿಕೆಗೆ ಕೈಯೊಡ್ಡುವ ಚಟ ನನಗೆ ಮೊದಲಿನಿಂದ ಇದೆ.

“ನಾನ್ ಇದ್ರಗೆ ಎಲ್ಲ್ ನಿಲ್ಕ್?”

“ಇದ್ರ ಮುಂದೆ.”

“ಮುಂದೆ ಅಂದ್ರೆ ಮನೆ ಹೊರ್ಗೇ ಆಯ್ತಲೆ. ರಾಕ್ಷಸ ತನ್ನ್ ಅರಮನೆ ಬಾಗ್ಲಗೆ ಬೇಡುಕೆ ಬಂದವ್ನ್ ಹಾಂಗೆ ನಿತ್ಕಣ್ಕಾ?”

ಪಕ್ಕದಲ್ಲಿದ್ದ ಬೈಂದೂರಿನ ಭಾಗವತರು ನಕ್ಕರು. ಭಾಗವತರೆಂದರೆ ಪದ ಹಾಡಿ ಆಟ ನಡೆಸುವವರು, ಅವರು ನಕ್ಕರೆ ಇಡೀ ಮೇಳ ನಕ್ಕ ಹಾಗೆ. ನನಗೆ ಸಿಟ್ಟು ಬಂತು. ಓದು ಬರಹ ಇಲ್ಲದವರಿಗೆ ಏನು ಗೊತ್ತು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಅದನ್ನೂ ಇಲ್ಲಿ ಬರೆಯುತ್ತೇನೆ, ಮುಚ್ಚಿಡುವುದಿಲ್ಲ.

ಅದೇ ಹೊತ್ತಿಗೆ ಶೆಟ್ಟರು ಇನ್ನೊಂದು ಸುದ್ದಿ ಹೇಳಿದರು. ತೆರೆಯನ್ನೂ, ತೆರೆ ಹಿಡಿಯುವ ಇಬ್ಬರನ್ನೂ ಅವರು ಊರಿನಲ್ಲೇ ಬಿಟ್ಟು ಬಂದಿದ್ದರು.

ತೆರೆಯೆಂದರೆ ಎದೆಯೆತ್ತರದ ಒಂದು ಕೆಂಪು ಬಟ್ಟೆ, ಅಷ್ಟೆ. ಇಬ್ಬರು ಎರಡು ತುದಿ ಹಿಡಿದು ನಿಲ್ಲುತ್ತಾರೆ. ರಾಕ್ಷಸ ಅದರ ಹಿಂದೆ ಬಂದು ಕುಳಿತು, ಎದ್ದು, ಕುಣಿಯುತ್ತಾನೆ. ಜನರಿಗೆ ಮೊದಲು ಕಾಣುವುದು ತೆರೆಯ ಕೆಳಗೆ ಗೆಜ್ಜೆ ಕಟ್ಟಿದ ಕಾಲು. ಆಮೇಲೆ ಮೇಲೆ ಕಿರೀಟದ ತುದಿ. ಆಮೇಲೆ ತೆರೆಯ ಅಂಚಿನಲ್ಲಿ ಹತ್ತು ಬೆರಳು. ನಡುವೆ ಎದೆ ನಡುಗಿಸುವ ಆರ್ಭಟೆ. ಅರ್ಧ ಗಂಟೆ ಹೀಗೆ ಆಡಿಸಿ ತೆರೆ ಬೀಳುವ ಹೊತ್ತಿಗೆ, ಕಾಣದೆ ಉಳಿದದ್ದನ್ನು ಜನರೇ ತಮ್ಮ ತಲೆಯೊಳಗೆ ಕಟ್ಟಿ ಮುಗಿಸಿರುತ್ತಾರೆ.

“ಅಲ್ಲಿ ಮೆಷಿನಿನ ಪರ್ದೆ ಇತ್ತ್, ಶೀನಣ್ಣ. ಬಟನ್ ಒತ್ತಿರೆ ಸಾಕ್. ಇಬ್ರ್ ಬಟ್ಟಿ ಹಿಡ್ಕಂಡ್ ನಿಂತ್ರೆ ಅಲ್ಲಿಯವ್ರ್ ನಗಾಡ್ತ್ರ್,” ಎಂದರು ಶೆಟ್ಟರು.

“ತೆರೆ ಇಲ್ದೆ ನಾನ್ ಹ್ಯಾಂಗ್ ಬಪ್ದ್?” ಎಂದರು ಶೀನಣ್ಣ. ಅದು ಪ್ರಶ್ನೆಯ ಹಾಗೆ ಇರಲಿಲ್ಲ. ನಲವತ್ತು ವರ್ಷ ಒಂದೇ ಬಾಗಿಲಿನಿಂದ ಒಳಗೆ ಬಂದವರಿಗೆ ಆ ಬಾಗಿಲನ್ನೇ ಕಿತ್ತು ಹಾಕಿದೆ ಎಂದ ಹಾಗಾಗಿತ್ತು.

ರೋಮ್: ನೆಲದಲ್ಲಿ ಒಂದು ಹಳದಿ ಕಲ್ಲು

ನೇಪಲ್ಸಿನಲ್ಲಿ ಇಳಿದು ರೋಮಿಗೆ ಬಂದೆವು. ಅಲ್ಲಿ ಒಂದು ದಿನ ಬಿಡುವು. ನಾನು ಎಲ್ಲರನ್ನೂ ಒಂದು ಹಳೆಯ ಇಗರ್ಜಿಗೆ, ಎಂದರೆ ಚರ್ಚಿಗೆ, ಎಳೆದುಕೊಂಡು ಹೋದೆ. ಅದರ ಮಾಡಿಗೆ, ಎಂದರೆ ಚಾವಣಿಗೆ, ಗೋಪುರವೇ ಇಲ್ಲ, ಒಳಗಿನಿಂದ ಇದ್ದ ಹಾಗೆ ಕಾಣಲು ಬಟ್ಟೆಯ ಮೇಲೆ ಬರೆದು ಕೂರಿಸಿದ್ದಾರೆ ಎಂದು ಪುಸ್ತಕದಲ್ಲಿ ಓದಿದ್ದೆ. ನನ್ನ ಮಟ್ಟಿಗೆ ಅದು ಕಾಶಿ.

ಬಾಗಿಲಲ್ಲಿ ನಮ್ಮ ತಂಡದ ಹನ್ನೆರಡು ಜನರೂ ಮೆಟ್ಟು ಬಿಟ್ಟು ಒಳಗೆ ಹೋದೆವು. ದೇವರಿರುವ ಜಾಗ, ಬೇರೇನು ಮಾಡುವುದು? ನೆಲ ಐಸಿನ ಹಾಗೆ ಕೊರೆಯುತ್ತಿತ್ತು. ನಡುವೆ ಒಂದು ದುಂಡನೆಯ ಹಳದಿ ಕಲ್ಲು ಕೂರಿಸಿದ್ದಾರೆ. ಅದರ ಮೇಲೆ ನಿಂತು ಕತ್ತೆತ್ತಿದೆ. ದೇವರೇ! ನೆತ್ತಿಯ ಮೇಲೆ ಎತ್ತರದ ಗೋಪುರ, ಸುತ್ತ ಕಂಬ, ಕಂಡಿಯಿಂದ ಬೆಳಕು. ಎಲ್ಲವೂ ಚಪ್ಪಟೆ ಬಟ್ಟೆಯ ಮೇಲೆ ಬರೆದದ್ದು ಎಂದು ಗೊತ್ತಿದ್ದೂ ನನ್ನ ಕಣ್ಣು ತುಂಬಿತು.

“ಹ್ವಾಯ್ ಮಾಷ್ಟ್ರೆ,” ಎಂದು ಆಚೆ ಬದಿಯಿಂದ ಶೀನಣ್ಣ ಕರೆದರು. ಅವರು ಕಲ್ಲಿನ ಮೇಲೆ ನಿಂತೇ ಇರಲಿಲ್ಲ, ಕತ್ತೆತ್ತಿಕೊಂಡು ಒಂದು ಸುತ್ತು ಹಾಕುತ್ತಿದ್ದರು. “ಇಲ್ಲಿಂದ ಕಾಣಿ. ಗೋಪುರ ಬಿದ್ದಿತ್ತ್.”

ಹೋಗಿ ಅವರ ಪಕ್ಕದಲ್ಲಿ ನಿಂತೆ. ಗೋಪುರ ಗಾಳಿಗೆ ಮಗುಚಿದ ಕೊಡೆಯಂತೆ ಒಂದು ಬದಿಗೆ ಸೊಟ್ಟಗೆ ಬಿದ್ದಿತ್ತು.

“ಆ ಕಲ್ಲಿನ್ ಮೇಲೇ ನಿಂತ್ ಕಾಣ್ಕ್, ಶೀನಣ್ಣ. ಅದ್ಕೇ ಕಲ್ಲ್ ಹಾಕಿದ್ದ್.”

“ಹಾಂಗಾರೆ ಇಲ್ಲಿ ಒಬ್ಬನಿಗ್ ಮಾತ್ರ ಜಾಗ. ಉಳ್ದವ್ರ್ ಎಂತ ಮಾಡೂದ್?” ಶೀನಣ್ಣ ತಣ್ಣಗೆ ಕೇಳಿದರು. “ನಮ್ ಆಟಕ್ಕೆ ಮೂರ್ ಬದಿಗೂ ಜನ ಕೂಕಂತ್ರ್. ಗದ್ದಿ ಅಂಚಿನ್ ಮೇಲ್ ನಿಂತವ್ನಿಗೂ ನಾನ್ ರಾಕ್ಷಸನೇ ಆಯ್ಕ್.”

ಹೊರಗೆ ಬಂದರೆ ಅಲ್ಲಿ ಹನ್ನೆರಡು ಜೊತೆ ಮೆಟ್ಟೂ ಇಲ್ಲ! ಇಗರ್ಜಿಯ ಕೆಲಸದ ಮುದುಕನೊಬ್ಬ ಅವನ್ನೆಲ್ಲ ಗೋಣಿಗೆ ತುಂಬಿಸುತ್ತಿದ್ದ. ಯಾರೋ ಪುಣ್ಯಾತ್ಮರು ಬಡವರಿಗೆ ದಾನ ಬಿಟ್ಟು ಹೋಗಿದ್ದಾರೆ ಎಂದು ಅವನು ತಿಳಿದಿದ್ದ. ನಮ್ಮದು ಎಂದು ನಂಬಿಸಲು ನಾವು ಒಬ್ಬೊಬ್ಬರಾಗಿ ಬರಿಗಾಲು ಎತ್ತಿ ತೋರಿಸಬೇಕಾಯಿತು.

ಉತ್ತರಕ್ಕೆ, ರೈಲಿನಲ್ಲಿ

ರೈಲಿನ ಕೊನೆಯ ಡಬ್ಬಿಯಲ್ಲಿ ಹಿಂದಕ್ಕೆ ನೋಡುವ ಒಂದು ಗಾಜಿನ ಕಿಟಕಿ ಇತ್ತು. ಶೀನಣ್ಣನನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಹಳಿ ತೋರಿಸಿದೆ. ಇಗರ್ಜಿಯಲ್ಲಿ ಸೋತದ್ದನ್ನು ಇಲ್ಲಿ ಗೆಲ್ಲಬೇಕಿತ್ತು. “ಕಾಣಿ, ಎರಡೂ ಸೇರಿತಾ ಇಲ್ಯಾ?”

“ಸೇರಿತ್,” ಎಂದು ಒಪ್ಪಿದರು. ಸ್ವಲ್ಪ ಹೊತ್ತು ನೋಡಿ, “ಆದ್ರೆ ರೈಲ್ ಅಲ್ಲಿಂದ್ಲೇ ಬಂತಲೆ ಮಾರಾಯ್ರೆ? ಸಿಕ್ಕಿ ಬೀಳ್ಲಿಲ್ಲೆ,” ಎಂದರು.

ಆಮೇಲೆ ಭಾಗವತರು ಒಮ್ಮೆಲೇ “ಗದ್ದೆ!” ಎಂದು ಕೂಗಿದರು. ನಾವೆಲ್ಲ ಕಿಟಕಿಗೆ ಮುಗಿಬಿದ್ದೆವು. ಎರಡು ಬದಿಗೂ ನೀರು ನಿಲ್ಲಿಸಿದ ಗದ್ದೆಗಳು, ನಡುವೆ ಅಂಚು, ಅಂಚಿನ ಮೇಲೆ ಕೊಕ್ಕರೆ. ಬ್ರಹ್ಮಾವರದಲ್ಲಿ ಬಸ್ಸು ಹತ್ತಿ ಕಣ್ಣು ಮುಚ್ಚಿ ತೆರೆದರೆ ಕಾಣುವುದೂ ಅದೇ. ದೊರೆಗಳು ಅಕ್ಕಿ ಬೆಳೆಯುತ್ತಾರೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ಆ ಹೊತ್ತಿನಲ್ಲಿ ನಮ್ಮಲ್ಲಿ ಯಾರಿಗೂ ಅದು ಪರದೇಶ ಅನ್ನಿಸಲಿಲ್ಲ.

ಗದ್ದೆಗಳ ಊರು

ಆಟ ನಡೆಯುವುದು ಒಂದು ಹಳೆಯ ನಾಟಕಶಾಲೆಯಲ್ಲಿ. ಅಲ್ಲಿ ಬಟ್ಟೆ ಹೊಲಿಯುವ ಹೆಂಗಸಿನ ಹೆಸರು ಮರಿಯಾ. ಐವತ್ತು ದಾಟಿದವಳು, ಬಾಯಿ ತುಂಬ ಗುಂಡುಸೂಜಿ. ಯುದ್ಧದ ಕಾಲದಲ್ಲಿ ಸೋಲ್ಜರುಗಳ ಬಟ್ಟೆ ಒಗೆದು ಇಂಗ್ಲಿಷು ಕಲಿತಿದ್ದಳು, ಹಾಗಾಗಿ ನಮಗೂ ಅವಳಿಗೂ ಮಾತು ನಡೆಯುತ್ತಿತ್ತು. ನಮ್ಮವರು ಮೊದಲ ದಿನವೇ ಅವಳನ್ನು ಮರಿಯಮ್ಮ ಮಾಡಿಬಿಟ್ಟರು. ಹುಡುಗಿಯಾಗಿದ್ದಾಗ ಅವಳು ಅದೇ ಗದ್ದೆಗಳಲ್ಲಿ ನೆಟ್ಟಿ ನೆಟ್ಟವಳು, ಭತ್ತದ ನಾಟಿ ಮಾಡಿದವಳು. ಚಿಟ್ಟಿಗೆ ಅಕ್ಕಿ ಬೇಕೆಂದಾಗ ಮನೆಯಿಂದ ದಪ್ಪ ದಪ್ಪ ಅಕ್ಕಿ ತಂದಳು. ಅರೆದು ನೋಡಿದರೆ ನಮ್ಮ ಬೆಳ್ತಿಗೆಗಿಂತ ಅಂಟು. “ಇದ್ ಬೀಳೂದಿಲ್ಲೆ,” ಎಂದು ಶೀನಣ್ಣ ಹಡಗು ಹತ್ತಿದ ಮೇಲೆ ಮೊದಲ ಸಲ ನಕ್ಕರು. ಸುಣ್ಣ ಅವರ ಎಲೆಯಡಿಕೆ ಚೀಲದಲ್ಲೇ ಇತ್ತು.

ಆಟದ ಹಿಂದಿನ ದಿನ ಬೆಳಿಗ್ಗೆ ತಾಲೀಮು. ನನ್ನ ಅರಮನೆ ತೂಗಿತು. ಬೇರೆ ದೇಶಗಳಿಂದ ಬಂದ ಆಟದವರೆಲ್ಲ ಎದುರು ಕೂತಿದ್ದರು. ಶೀನಣ್ಣ ಬಣ್ಣ ಹಾಕದೆ ಕಿರೀಟ ಮಾತ್ರ ಇಟ್ಟುಕೊಂಡು ಬಂದು ಕುಣಿಯುತ್ತಾ ಹಿಂದೆ ಹಿಂದೆ ಸರಿದರು. ನಾನು ಹಿಂದುಗಡೆ ಬರೆದ ಕಂಬಗಳು ದೂರದ ಕಂಬಗಳು, ಹಾಗಾಗಿ ಸಣ್ಣವು. ಶೀನಣ್ಣ ಅವುಗಳ ಹತ್ತಿರ ಹೋದದ್ದೇ, ಕಂಬ ಅವರ ಸೊಂಟಕ್ಕೆ ಬಂತು. ಕಿರೀಟ ಅರಮನೆಯ ಮಾಡು ದಾಟಿ ಮೇಲೆ ಹೋಯಿತು. ಮೂರು ತಿಂಗಳ ನನ್ನ ಅರಮನೆ ಕೋಳಿಗೂಡಾಯಿತು.

ಯಾರೋ ಕಿಸಕ್ಕೆಂದರು. ಶೀನಣ್ಣನಿಗೆ ಅಷ್ಟೇ ಸಾಕಿತ್ತು. ಬಗ್ಗಿ ನಾನು ಬರೆದ ಬಾಗಿಲಿಗೆ ಕಣ್ಣಿಟ್ಟು, “ಹ್ವಾಯ್, ಒಳ್ಗ್ ಯಾರ್ ಇದ್ರ್?” ಎಂದು ಕೂಗಿದರು. ಮಾತು ಯಾರಿಗೂ ಅರ್ಥವಾಗಲಿಲ್ಲ, ಆದರೆ ಇಡೀ ನಾಟಕಶಾಲೆ ಬಿದ್ದು ಬಿದ್ದು ನಕ್ಕಿತು. ನನ್ನ ಕಿವಿ ಕಾದ ಕಬ್ಬಿಣವಾಯಿತು. ಅಲ್ಲಿಂದ ಓಡಿಹೋಗಿ ಸಮುದ್ರಕ್ಕೆ ಹಾರೋಣ ಎಂದರೆ ಆ ಊರಿನಲ್ಲಿ ಸಮುದ್ರವೂ ಇರಲಿಲ್ಲ.

ಶೆಟ್ಟರು ರಂಗದ ಮೇಲೆ ಹತ್ತಿ ಅರಮನೆಯ ಮುಂದೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದರು.

“ಶೀನಣ್ಣ, ಈ ಗೆರಿ ದಾಟುಕಿಲ್ಲೆ. ಮತ್ತೆ ಚಿಟ್ಟಿಗಿಟ್ಟಿ ಎಂತ ಬ್ಯಾಡ. ಮುಖಕ್ಕೆ ಚೂರ್ ಬಣ್ಣ, ಮೀಸಿ, ಸಾಕ್. ಮನ್ಷನ್ ಹಾಂಗೆ ಕಾಣ್ಕ್. ಆತ್ತಿಲ್ಲೆ ಅಂದ್ರೆ ನೀವ್ ನಾಳೆ ಕೂಕಣಿ, ಬೇರೆಯವ್ರ್ ಮಾಡ್ತ್ರ್.”

ಶೀನಣ್ಣ ಕಿರೀಟ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡರು. “ಮನ್ಷನ್ ಹಾಂಗೆ ಕಾಂಬುಕೆ ನಾನ್ ಇಷ್ಟ್ ದೂರ ಬಪ್ದ್ ಎಂತಕ್ ಶೆಟ್ರೆ? ಕೂಕಂತೆ ಬಿಡಿ.” ಅಷ್ಟು ಹೇಳಿ ಒಳಗೆ ಹೋದರು. ಇನ್ನೊಂದು ಸಲ ಅವರನ್ನು ಹಡಗು ಹತ್ತಿಸುವವರು ಯಾರೂ ಇಲ್ಲ ಎಂದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಆ ನಾಟಕಶಾಲೆಯ ಮೊಗಸಾಲೆಯಲ್ಲಿ ಒಂದು ಹೊಸ ಕಾಲದ ಚಿತ್ರ ತೂಗುಹಾಕಿದ್ದರು. ಬದಿಯಿಂದ ಕಾಣುವ ಹೆಂಗಸಿನ ಮುಖ, ಆದರೆ ಎರಡು ಕಣ್ಣೂ ಒಂದೇ ಬದಿಗೆ. ಬಂದ ದಿನ ಶೆಟ್ಟರು ಅದರ ಮುಂದೆ ನಿಂತು “ಏಕ್‌ದಮ್ ಮಾಡರ್ನ್” ಎಂದು ತಲೆದೂಗಿದ್ದರು. ನಾನು ‘ಈ ಹುಡುಗನಿಗೆ ಸೊನ್ನೆ’ ಎಂದುಕೊಂಡು ಮುಂದೆ ಹೋಗಿದ್ದೆ. ಈಗ ಮರಿಯಮ್ಮ ಅಲ್ಲಿ ದಾರ ಸುತ್ತುತ್ತಾ ಕೂತಿದ್ದಳು. ಇದು ತಪ್ಪು ಚಿತ್ರ, ಮನುಷ್ಯರು ಹೀಗೆ ಕಾಣುವುದಿಲ್ಲ ಎಂದು ನನ್ನ ಸಿಟ್ಟನ್ನೆಲ್ಲ ಅದರ ಮೇಲೆ ತೀರಿಸಿಕೊಂಡೆ.

“ನನ್ನ ತಂಗಿ ಹೀಗೇ ಕಾಣುತ್ತಾಳೆ,” ಎಂದಳು ಮರಿಯಮ್ಮ, ಗುಂಡುಸೂಜಿ ಕಚ್ಚಿಕೊಂಡೇ. “ಒಲೆಯ ಕಡೆ ತಿರುಗಿಕೊಂಡು ನನಗೆ ಬೈಯುವಾಗ. ಕಣ್ಣು ಎರಡೂ ನನ್ನ ಮೇಲೇ.”

ಮತ್ತೊಮ್ಮೆ ಆ ಚಿತ್ರ ನೋಡಿದೆ. ಅದನ್ನು ಬರೆದವನು ಹಳದಿ ಕಲ್ಲಿನ ಮೇಲೆ ನಿಂತಿರಲಿಲ್ಲ. ಶೀನಣ್ಣನ ಹಾಗೆ ಒಂದು ಸುತ್ತು ಹಾಕಿ, ಕಂಡದ್ದನ್ನೆಲ್ಲ ಒಟ್ಟಿಗೆ ಹಾಕಿದ್ದ. ಮನುಷ್ಯರನ್ನು ನಾವು ನೋಡುವುದೂ ಹಾಗೆಯೇ ಅಲ್ಲವೇ? ಒಂದು ಕಣ್ಣು ಮುಚ್ಚಿ, ಕತ್ತು ಅಲ್ಲಾಡಿಸದೆ, ಉಸಿರು ಬಿಗಿಹಿಡಿದು ಹೂಜಿ ನೋಡುವವರು ನನ್ನ ಕ್ಲಾಸಿನ ಮಕ್ಕಳು ಮಾತ್ರ. ಪಾಪ, ಅದೂ ನಾನು ಹೆದರಿಸಿದ್ದಕ್ಕೆ.

ನೇರ ಶೆಟ್ಟರ ಹತ್ತಿರ ಹೋದೆ. “ಎರಡ್ ಕಣ್ಣ್ ಒಂದೇ ಬದಿಗಿದ್ರೆ ನಿಮ್ಗೆ ಮಾಡರ್ನ್. ಶೀನಣ್ಣನ ಮುಖದ್ ಮೇಲೆ ಅಕ್ಕಿಹಿಟ್ಟ್ ಇದ್ರೆ ನಾಚ್ಕಿ. ಇದೆಂತ ನ್ಯಾಯ ಶೆಟ್ರೆ?”

ಶೆಟ್ಟರು ಸಿಟ್ಟಾಗಲಿಲ್ಲ. ಕುರ್ಚಿಯಲ್ಲಿ ಕುಸಿದು ಕೂತರು. “ನಿಮ್ಗ್ ಗೊತ್ತಿಲ್ಲೆ ಮಾಷ್ಟ್ರೆ. ನಾನ್ ಬೊಂಬಾಯಿಗೆ ಹೋದ್ ಸುರುವಿಗೆ ಬಾಯ್ ಬಿಟ್ರೆ ಎಲ್ಲ ನಗಾಡ್ತಿದ್ರ್. ‘ಎಂತ’ ಅಂದ್ರೂ ನಗೆ, ‘ಹ್ವಾಯ್’ ಅಂದ್ರೂ ನಗೆ. ಮತ್ತೊಂದ್ ಸಲ ಆ ನಗೆ ಕೇಂಬುಕೆ ನನ್ ಹತ್ರ ಆತ್ತಿಲ್ಲೆ.”

ಆ ಮನುಷ್ಯನ ಮೇಲೆ ನನಗೆ ನಿಜವಾಗಿ ಕನಿಕರ ಹುಟ್ಟಿತು. ಆದರೆ ಅವರು ಹೆದರಿದ್ದಾರೆಂದು ಶೀನಣ್ಣ ಮುಖ ತೊಳೆದುಕೊಳ್ಳಬೇಕೇ? ಅವತ್ತು ಬೆಳಿಗ್ಗೆ ಜನ ನಕ್ಕದ್ದು ಯಾವುದಕ್ಕೆ ಎಂದು ಶೆಟ್ಟರು ಇನ್ನೂ ಒಪ್ಪಿಕೊಂಡಿರಲಿಲ್ಲ. ನಾನು ಒಪ್ಪಿಕೊಂಡೆ.

ಆಟದ ದಿನ

ಆಟ ಸಂಜೆ ಆರಕ್ಕೆ. ಬೆಳಿಗ್ಗೆಯೇ ಮರಿಯಮ್ಮನ ಹತ್ತಿರ ಅವಳ ದೊಡ್ಡ ಕತ್ತರಿ ಕೇಳಿದೆ. ತೆರೆಗೆ ಬೇರೆ ಬಟ್ಟೆ ಬೇಕಾದಷ್ಟಿತ್ತು, ವೆಲ್ವೆಟ್ಟನ್ನೇ ಕೊಡುತ್ತೇನೆ ಎಂದಳು. ಆದರೆ ಅರಮನೆ ಇಡಿಯಾಗಿ ಉಳಿದರೆ ಶೆಟ್ಟರು ಅದನ್ನು ತೂಗಿಸಿಯೇ ತೂಗಿಸುತ್ತಾರೆ, ಗೆರೆ ಎಳೆದೇ ಎಳೆಯುತ್ತಾರೆ. ಅರಮನೆಯನ್ನು ನೆಲದ ಮೇಲೆ ಹರಡಿ ನಡುವಿನ ಕಂಬದ ಸಾಲಿಗೆ ಕತ್ತರಿ ಹಾಕಿದೆ.

“ಖಂಡಿತವೇ?” ಎಂದು ಕೇಳಿದಳು.

ಖಂಡಿತ ಎಂದೆ. ಒಂದೊಂದು ಕಂಬದ ನೆರಳಿಗೂ ಒಂದೊಂದು ದಿನ ಕೂತಿದ್ದೆ. ಚುಕ್ಕೆಗೆ ಸೇರುವ ಗೆರೆಗಳನ್ನೆಲ್ಲ ಕತ್ತರಿ ದಾಟಿತು, ಒಂದು ಗೆರೆಯೂ ತಡೆಯಲಿಲ್ಲ. ಎದೆಯೆತ್ತರದ ಒಂದು ತುಂಡು ಸಿಕ್ಕಿತು. ಮರಿಯಮ್ಮ ಅಂಚು ಮಡಚಿ ಹೊಲಿದಳು.

ಶೀನಣ್ಣ ತಮ್ಮ ಕೋಣೆಯಲ್ಲಿ ನನ್ನ ಮಫ್ಲರು ಸುತ್ತಿಕೊಂಡು ಕೂತಿದ್ದರು. “ಬಣ್ಣಕ್ ಕೂಕಣಿ, ಶೀನಣ್ಣ. ತೆರೆ ನಾನ್ ಹಿಡಿತೆ,” ಎಂದೆ.

“ಶೆಟ್ರ್?”

“ಅವ್ರಿಗೆ ನಾನ್ ಹೇಳ್ತೆ.”

“ನಿಮ್ಗ್ ತೆರೆ ಹಿಡುಕೆ ಬತ್ತಾ?”

“ಬತ್ತಿಲ್ಲೆ.”

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. “ಕೈ ನಡ್ಗುಕಾಗ. ಬಿಡಿ ಅಂದ್ ಕೂಡ್ಲೆ ಬಿಡ್ಕ್. ಇನ್ನೊಂದ್ ಬದಿಗೆ ಯಾರ್?”

“ಮರಿಯಮ್ಮ.”

ಮೇಳದ ರಂಗಕ್ಕೆ ಹೆಂಗಸರು ಹತ್ತುವ ರೂಢಿ ಇರಲಿಲ್ಲ. ಆದರೆ ಶೀನಣ್ಣ, “ನೆಟ್ಟಿ ನೆಟ್ಟ್ ಕೈ. ನಡ್ಗೂದಿಲ್ಲೆ,” ಎಂದು ಅಕ್ಕಿಹಿಟ್ಟಿನ ಬಟ್ಟಲನ್ನು ಹತ್ತಿರ ಎಳೆದುಕೊಂಡರು. ಭಾಗವತರಿಗೆ ಹೇಳಿದಾಗ ಅವರು, “ನಾನ್ ಪದ ಹೇಳ್ತೆ. ನನ್ ಬಾಯಿ ಕಟ್ಟುಕೆ ಯಾವ ಶೆಟ್ರಿಂದ್ಲೂ ಆತ್ತಿಲ್ಲೆ,” ಎಂದರು. ಮಧ್ಯಾಹ್ನದಿಂದ ಮೂರು ಗಂಟೆ ನಾನು ಬಾಗಿಲಿಗೆ ಬೆನ್ನು ಕೊಟ್ಟು ಕೂತೆ. ಒಳಗೆ ಶೀನಣ್ಣನ ಮುಖ ಮುಳ್ಳು ಮುಳ್ಳಾಗಿ ಮುಚ್ಚುತ್ತಾ ಹೋಯಿತು.

ಅರಮನೆ ತೂಗಿಸುವುದು ನನ್ನ ಕೆಲಸವಾದ್ದರಿಂದ ಶೆಟ್ಟರು ಅವತ್ತು ರಂಗಕ್ಕೆ ತಲೆ ಹಾಕಿರಲಿಲ್ಲ, ಅವರಿಗೆ ಹೇಳುವ ಧೈರ್ಯ ನನಗೂ ಬಂದಿರಲಿಲ್ಲ. ಆರು ಗಂಟೆಗೆ ಮೆಷಿನಿನ ಪರದೆ ಸರಿಯಿತು. ರಂಗ ಪೂರ್ತಿ ಬರಿದು. ಕೋಟು ಹಾಕಿದ ಡ್ರಾಯಿಂಗ್ ಮಾಸ್ತರನೊಬ್ಬ, ಕೊರಳಲ್ಲಿ ಅಳತೆ ಟೇಪು ತೂಗುವ ಹೆಂಗಸೊಬ್ಬಳು, ನಡುವೆ ಒಂದು ಬಟ್ಟೆ. ಬಣ್ಣ ಬರೆದ ಬದಿ ನಾನು ಒಳಗೆ ತಿರುಗಿಸಿದ್ದೆ. ಜನರ ಕಡೆಗಿದ್ದದ್ದು ಬೆನ್ನು. ಅಲ್ಲಲ್ಲಿ ಬಣ್ಣ ಸೋರಿದ ಕಲೆ ಬಿಟ್ಟರೆ ಅದರಲ್ಲಿ ನೋಡುವುದಕ್ಕೆ ಏನೂ ಇಲ್ಲ.

“ಮಾಷ್ಟ್ರೆ! ಅರಮನೆ ಎಲ್ಲ್?” ಬದಿಯಿಂದ ಶೆಟ್ಟರು ಗಂಟಲು ಅದುಮಿಕೊಂಡು ಕೇಳಿದರು.

“ಒಳ್ಗ್ ಇತ್ತ್, ಶೆಟ್ರೆ,” ಎಂದೆ, ತಿರುಗದೆ.

ಚೆಂಡೆಗೆ ಪೆಟ್ಟು ಬಿತ್ತು. ಮುಂದಿನ ಸಾಲಿನಲ್ಲಿ ಇಬ್ಬರು ನಗಲು ಬಾಯಿ ತೆರೆದಿದ್ದರು, ಬಟ್ಟೆ ಹಿಡಿದ ನಮ್ಮನ್ನು ನೋಡಿ. ಅಷ್ಟರಲ್ಲಿ ತೆರೆಯ ಕೆಳಗೆ ಗೆಜ್ಜೆ ಕಾಲು ಅಪ್ಪಳಿಸಿತು. ಮೊದಲ ಆರ್ಭಟೆ ಎದ್ದಿತು. ಆ ಇಬ್ಬರ ಬಾಯಿ ತೆರೆದದ್ದು ತೆರೆದ ಹಾಗೆಯೇ ಉಳಿಯಿತು.

ನನ್ನ ಕೆನ್ನೆಯ ಪಕ್ಕದಲ್ಲಿ ಬಟ್ಟೆಯ ಅಂಚನ್ನು ಬೆರಳುಗಳು ಬಂದು ಹಿಡಿದವು. ಓರೆಗಣ್ಣಿನಲ್ಲಿ ನೋಡಿದೆ. ಅಷ್ಟು ಹತ್ತಿರದಿಂದ ಬಣ್ಣದ ವೇಷವನ್ನು ನಾನು ಯಾವತ್ತೂ ಕಂಡಿರಲಿಲ್ಲ. ಅದು ಮರಿಯಮ್ಮನ ಮನೆಯ ಅಕ್ಕಿ, ಶೀನಣ್ಣನ ಎಲೆಯಡಿಕೆಯ ಸುಣ್ಣ. ಚಿಟ್ಟಿ ಒಂದೊಂದನ್ನೂ ಎಣಿಸಬಹುದಿತ್ತು. ಎಲ್ಲವೂ ಸುಳ್ಳು ಎಂದು ಸುಳ್ಳೇ ಕೂಗಿ ಹೇಳುತ್ತಿತ್ತು, ಏನನ್ನೂ ಬಚ್ಚಿಟ್ಟಿರಲಿಲ್ಲ. ಆದರೂ ನನ್ನ ಮೈ ಬೆವರಿತು. ತೆರೆ ಬಿಟ್ಟು ಓಡಬೇಕು ಅನ್ನಿಸಿತು. ಎಲ್ಲಿ ನಿಂತು ನೋಡಿದರೂ ಅವನು ರಾಕ್ಷಸನೇ, ಒಂದು ಮೊಳ ದೂರದಿಂದಲೂ. ಅವನಿಗೆ ಹಳದಿ ಕಲ್ಲು ಬೇಕಿರಲಿಲ್ಲ.

ಅರ್ಧ ಗಂಟೆಯಲ್ಲಿ ನನ್ನ ತೋಳು ಸತ್ತೇ ಹೋಗಿತ್ತು, ಆದರೆ ನಡುಗಲಿಲ್ಲ. ಆಚೆ ತುದಿಯಲ್ಲಿ ಮರಿಯಮ್ಮ ಕಣ್ಣು ಮಿಟುಕಿಸದೆ ನಿಂತಿದ್ದಳು. ಚೆಂಡೆ ಏರುತ್ತಾ ಏರುತ್ತಾ ಹೋಗಿ ಒಮ್ಮೆಲೇ ನಿಂತಿತು. ರಾಕ್ಷಸ ತೆರೆಗೆ ಮುಖ ತಂದು, ನನ್ನ ಕಂಬಗಳನ್ನು ಮೂಗು ತಾಗುವಷ್ಟು ಹತ್ತಿರದಿಂದ ನೋಡಿದ. ಆಮೇಲೆ ನನಗೆ ಮಾತ್ರ ಕೇಳುವ ಹಾಗೆ, ಬ್ರಹ್ಮಾವರದ ಕಡೆಯ ಶೀನಣ್ಣನ ಧ್ವನಿಯಲ್ಲಿ ಹೇಳಿದ.

“ಮಾಷ್ಟ್ರೆ, ಕಂಬ ಲಾಯ್ಕಿತ್ತ್. ಈಗ ಬಿಡಿ.”

ನಾನು ಬಿಟ್ಟೆ.